ಲಸಿಕೆ ಪರೀಕ್ಷೆಗೆ ಹುಸಿ ವೈರಸ್ ಸಾಕೇ? ಪರ-ವಿರೋಧ

ಪರ: ಅಸಲಿಯನ್ನು ಮುಟ್ಟದೆ ಮಾಡಬಹುದಾದ ಕೆಲಸವೇ ಜಾಸ್ತಿ

1978ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಡುಬಿನಿಂದ ಸತ್ತವರು ಸಿಡುಬಿನ ಮೇಲೆ ಕೆಲಸ ಮಾಡುತ್ತಿದ್ದವರಲ್ಲ. ಸಿಡುಬಿನ ಲ್ಯಾಬ್ ಇದ್ದ ಕಟ್ಟಡದಲ್ಲೇ, ಮೇಲಿನ ಮಹಡಿಯಲ್ಲಿ ಫೋಟೋ ತೆಗೆಯುವ ಕೆಲಸದಲ್ಲಿದ್ದರು. ಸಾರ್ಸ್ ಹಾವಳಿ ಮುಗಿದ ಮೇಲೂ 2003-04ರಲ್ಲಿ ಸಿಂಗಪುರ, ತೈಪೆ, ಬೀಜಿಂಗ್ ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರಿಗೇ ಅದು ಅಂಟಿತು. ಬೀಜಿಂಗ್‌ನಲ್ಲಿ ಹಾಗೆ ಸೋಂಕು ತಗುಲಿದವರೊಬ್ಬರ ತಾಯಿ ತೀರಿಕೊಂಡರು. ಜೀವಂತ ವೈರಸ್ ಜೊತೆ ಕೆಲಸ ಅಂದರೆ ಈ ಭಯ ಯಾವಾಗಲೂ ಇದ್ದದ್ದೇ.

ಹುಸಿ ವೈರಸ್ ಅಂದರೆ ಅಸಲಿಯ ಬದಲಿಗೆ ಲ್ಯಾಬ್‌ನಲ್ಲಿ ಜೋಡಿಸಿದ ವೈರಸ್. ಅದರಲ್ಲಿ ಈ ಭಯ ಇಲ್ಲ. ಒಳಗಿನ ಭಾಗ ಎಚ್‌ಐವಿಯದ್ದು, ಇಲ್ಲವೇ ದನಕರುಗಳಿಗೆ ಬರುವ ವಿಎಸ್‌ವಿ ಎಂಬ ವೈರಸ್‌ನದ್ದು. ಹೊರಗಿನ ಮುಳ್ಳು (ಕೋಶಕ್ಕೆ ಅಂಟಿಕೊಂಡು ಒಳನುಗ್ಗಲು ಬಳಸುವ ಪ್ರೋಟೀನ್) ಮಾತ್ರ ನಾವು ಪರೀಕ್ಷಿಸಬೇಕಾದ ರೋಗದ್ದು: ಎಬೋಲಾ, ಕೊರೊನಾ, ನಿಪಾ, ಯಾವುದಾದರೂ ಸರಿ. ಆ ಮುಳ್ಳಿನ ಜೀನನ್ನು ವೈರಸ್ ಒಳಗೆ ಇಟ್ಟಿರುವುದಿಲ್ಲ, ತಯಾರಿಸುವಾಗ ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ. ಹಾಗಾಗಿ ಅದು ಜೀವಕೋಶಕ್ಕೆ ಒಮ್ಮೆ ನುಗ್ಗಬಹುದು, ಆದರೆ ಅಲ್ಲಿಂದ ಸೋಂಕು ಹರಡುವ ಮರಿಗಳು ಹೊರಡುವುದಿಲ್ಲ. ಎಬೋಲಾಗೆ ಬೇಕಾದ, ಅತಿ ಹೆಚ್ಚಿನ ಸುರಕ್ಷತೆಯ ಬಿಎಸ್‌ಎಲ್-4 ಲ್ಯಾಬು, ಗಾಳಿ ತುಂಬಿದ ಸೂಟು ಇವೆಲ್ಲ ಎಷ್ಟೋ ದೇಶಗಳಲ್ಲಿ ಇಲ್ಲವೇ ಇಲ್ಲ. ಹುಸಿ ವೈರಸ್‌ಗೆ ಅದಕ್ಕಿಂತ ಕೆಳಗಿನ ಹಂತದ ಬಿಎಸ್‌ಎಲ್-2 ಲ್ಯಾಬ್ ಸಾಕು.

ಪರೀಕ್ಷೆಯೂ ಸಲೀಸು. 96 ಗುಂಡಿಗಳ ತಟ್ಟೆಯಲ್ಲಿ ಲಸಿಕೆ ಪಡೆದವರ ಸೀರಮ್ಮನ್ನು (ರಕ್ತದಿಂದ ಬೇರ್ಪಡಿಸಿದ, ಪ್ರತಿಕಾಯಗಳಿರುವ ತಿಳಿ ದ್ರವ) ಹಂತಹಂತವಾಗಿ ತೆಳು ಮಾಡುತ್ತಾ ಹೋಗುತ್ತಾರೆ. ಅದಕ್ಕೆ ಹುಸಿ ವೈರಸ್ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಕೋಶಗಳ ಮೇಲೆ ಹಾಕುತ್ತಾರೆ. ವೈರಸ್ ಒಳಗೆ ಮಿಂಚುಹುಳದಿಂದ ತೆಗೆದ ಲೂಸಿಫರೇಸ್ ಜೀನ್ ಸೇರಿಸಿರುತ್ತಾರೆ, ಅದು ಯಾವ ಕೋಶಕ್ಕೆ ನುಗ್ಗಿತೋ ಆ ಕೋಶ ಬೆಳಗುತ್ತದೆ. ಎರಡು-ಮೂರು ದಿನದ ನಂತರ ಯಂತ್ರ ಬೆಳಕನ್ನು ಅಳೆಯುತ್ತದೆ. ಬೆಳಕು ಮಂಕಾದರೆ ಪ್ರತಿಕಾಯಗಳು ವೈರಸ್ಸನ್ನು ಬಾಗಿಲಲ್ಲೇ ತಡೆದಿವೆ ಅಂತ ಅರ್ಥ. ಹಳೆಯ ಪದ್ಧತಿಯಲ್ಲಿ ಜೀವಂತ ವೈರಸ್ ಕೋಶಗಳ ಹಾಸಿನಲ್ಲಿ ಕೊರೆದ ತೂತುಗಳನ್ನು ಕೂತು ಎಣಿಸಬೇಕು. ನೂರಾರು ಜನರ ಸೀರಮ್ ಇದ್ದಾಗ ಯಾವುದು ಮೇಲು ಅಂತ ಕೇಳಬೇಕಾ?

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ರೋಗಿಯಿಂದ ತೆಗೆದ ಮಾದರಿಗೆ ಕಾಯಬೇಕಿಲ್ಲ. 2021ರ ನವೆಂಬರ್‌ನಲ್ಲಿ ಒಮಿಕ್ರಾನ್‌ನ ಜೀನ್ ಅನುಕ್ರಮ ಹೊರಬಿದ್ದಾಗ, ಅದನ್ನು ನೋಡಿಕೊಂಡೇ ಮುಳ್ಳನ್ನು ತಯಾರಿಸಿ ಹಳೆಯ ಲಸಿಕೆಗಳನ್ನು ಪರೀಕ್ಷಿಸಬಹುದಿತ್ತು, ಪರೀಕ್ಷಿಸಿದರು ಕೂಡ. ಹೆಪಟೈಟಿಸ್ ಸಿ ವೈರಸ್ಸನ್ನು ಲ್ಯಾಬ್‌ನಲ್ಲಿ ಸರಿಯಾಗಿ ಬೆಳೆಸಲು ಸಾಧ್ಯವಾಗಿದ್ದು 2005ರಲ್ಲಿ. ಅದು ಕೋಶದೊಳಕ್ಕೆ ಹೋಗುವ ಬಗೆಯನ್ನು ಹುಸಿ ಕಣಗಳಲ್ಲಿ ಅದಕ್ಕೂ ಮೊದಲೇ, 2003ರಿಂದಲೇ ನೋಡುತ್ತಿದ್ದರು. ಅಸಲಿ ಸಿಗದಿದ್ದಾಗ ಕೆಲಸ ನಡೆಸಿದ್ದು ಹುಸಿಯೇ.

ವಿರೋಧ: ಬಾಗಿಲು ನೋಡಿದ್ದನ್ನೇ ಮನೆ ನೋಡಿದೆ ಅನ್ನಬೇಡಿ

ಸುರಕ್ಷತೆಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಬಂದ ಅಂಕಿಯನ್ನು ನಾವು ಓದುವ ರೀತಿಯ ಬಗ್ಗೆ.

ಹುಸಿ ವೈರಸ್ ಅಳೆಯುವುದು ಒಂದೇ ಹಂತವನ್ನು, ಕೋಶದೊಳಕ್ಕೆ ನುಗ್ಗುವುದನ್ನು. ಅಸಲಿ ವೈರಸ್ ಅಲ್ಲಿಗೆ ನಿಲ್ಲುವುದಿಲ್ಲ. ಒಳಗೆ ಹೆಚ್ಚಾಗುತ್ತದೆ, ಪಕ್ಕದ ಕೋಶಕ್ಕೆ ದಾಟುತ್ತದೆ, ದೇಹದ ಎಚ್ಚರಿಕೆಯ ವ್ಯವಸ್ಥೆಯನ್ನೇ ಮಂಕು ಮಾಡುತ್ತದೆ. ಇದ್ಯಾವುದೂ ತಟ್ಟೆಯಲ್ಲಿ ಕಾಣುವುದಿಲ್ಲ. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ-ಕೋಶಗಳ ಪಾಲಂತೂ ಅಲ್ಲಿ ಸೊನ್ನೆ.

ನುಗ್ಗುವ ಹಂತವನ್ನಾದರೂ ಸರಿಯಾಗಿ ತೋರಿಸುತ್ತದೆಯೇ? ಕೊರೊನಾಗೆ ಕೊಡುತ್ತಿದ್ದ ಸೊಟ್ರೊವಿಮ್ಯಾಬ್ ಔಷಧಿಯ ಮೂಲವಾದ ಎಸ್309 ಪ್ರತಿಕಾಯವನ್ನೇ ನೋಡಿ. ಕೊರೊನಾ ಕೋಶದೊಳಗೆ ನುಗ್ಗಲು ಹಿಡಿದುಕೊಳ್ಳುವ ಎಸಿಇ2 ಗ್ರಾಹಕವನ್ನು ವಿಪರೀತ ತುಂಬಿಸಿದ ಕೋಶಗಳಲ್ಲಿ ಪರೀಕ್ಷಿಸಿದರೆ ಅದು ಕೈಲಾಗದ ಪ್ರತಿಕಾಯದಂತೆ ಕಾಣುತ್ತದೆ, ಕೋತಿಯ ಮೂತ್ರಪಿಂಡದಿಂದ ಬೆಳೆಸಿದ ಸಾಮಾನ್ಯ ವೆರೋ ಕೋಶಗಳಲ್ಲಿ ಚೆನ್ನಾಗಿಯೇ ತಡೆಯುತ್ತದೆ. ತಪ್ಪು ಕೋಶದ್ದು, ಹುಸಿ ವೈರಸ್ಸಿನದ್ದಲ್ಲ ಅಂತ ವಾದಿಸಬಹುದು. ಒಪ್ಪೋಣ. ಆದರೆ ಹುಸಿ ವೈರಸ್ ಪರೀಕ್ಷೆಯಲ್ಲಿ ಬೆಳಕು ಚೆನ್ನಾಗಿ ಬರಲಿ ಅಂತ ಸಾಮಾನ್ಯವಾಗಿ ಆರಿಸುವುದೇ ಇಂಥ ಕೋಶಗಳನ್ನು ಅಲ್ವಾ?

ಇನ್ನೊಂದು ಎಡವಟ್ಟು ಇದೆ. ಎಚ್‌ಐವಿ ಔಷಧಿ ತೆಗೆದುಕೊಳ್ಳುತ್ತಿರುವವರ ಸೀರಮ್ಮನ್ನು ಎಚ್‌ಐವಿ ಆಧಾರಿತ ಹುಸಿ ವೈರಸ್ ಜೊತೆ ಬೆರೆಸಿದರೆ, ಆ ಔಷಧಿಯೇ ವೈರಸ್ಸಿನ ಒಳಭಾಗವನ್ನು ತಡೆದುಬಿಡಬಹುದು. ಬೆಳಕು ಮಂಕಾಗುತ್ತದೆ, ಲಸಿಕೆ ಅದ್ಭುತ ಅಂತ ಅನಿಸುತ್ತದೆ. ಪ್ರತಿಕಾಯ ಒಂದೂ ಇಲ್ಲದಿರಬಹುದು! ಗೊತ್ತಿದ್ದವರು ಅಂಥ ಮಾದರಿಗಳಿಗೆ ವಿಎಸ್‌ವಿ ಬಳಸುತ್ತಾರೆ. ಗೊತ್ತಿಲ್ಲದವರ ಫಲಿತಾಂಶವೂ ನೋಡಲು ಹಾಗೇ ಇರುತ್ತದೆ, ಅದೇ ತೊಂದರೆ.

ಲ್ಯಾಬಿಂದ ಲ್ಯಾಬಿಗೆ ಅಂಕಿಗಳು ಹೊಂದುವುದಿಲ್ಲ ಅಂತಲೇ 2020ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ಪ್ರತಿಕಾಯಗಳಿಗೆ ಒಂದು ಅಂತರರಾಷ್ಟ್ರೀಯ ಮಾನದಂಡ ತರಬೇಕಾಯಿತು. ಜೀವಂತ ವೈರಸ್ ಪರೀಕ್ಷೆಗಳಲ್ಲೂ ಈ ಏರುಪೇರು ಇತ್ತು ಅನ್ನುವುದು ನಿಜ. ಆದರೆ ಹುಸಿ ವೈರಸ್‌ನಲ್ಲಿ ಅದರ ಜೊತೆಗೆ ಯಾವ ಒಳಭಾಗ, ಮೈಮೇಲೆ ಎಷ್ಟು ಮುಳ್ಳು, ಯಾವ ಕೋಶ ಅನ್ನುವ ಆಯ್ಕೆಗಳೂ ಸೇರಿಕೊಳ್ಳುತ್ತವೆ.

ಎಬೋಲಾ ಲಸಿಕೆ ಎರ್ವೆಬೋವನ್ನು ಹುಸಿಯ ಪರ ಇರುವವರು ಆಗಾಗ ಎತ್ತಿಕೊಳ್ಳುತ್ತಾರೆ. ವಿಎಸ್‌ವಿ ಮೇಲೆ ಎಬೋಲಾದ ಮುಳ್ಳು ಕೂರಿಸಿ ಮಾಡಿದ್ದು ಅದು. ಇಲ್ಲಿ ಮುಳ್ಳಿನ ಜೀನ್ ಒಳಗೇ ಇರುವುದರಿಂದ ಹೆಚ್ಚಾಗಲೂಬಲ್ಲದು. ಬದಲಿಯೇ ಲಸಿಕೆಯಾಯಿತು ನೋಡಿ ಅನ್ನುತ್ತಾರೆ. ಸರಿ. ಆದರೆ ಅದು ಕೋತಿಗಳನ್ನು ಉಳಿಸುತ್ತದೆ ಅಂತ ಖಾತ್ರಿಯಾಗಿದ್ದು ಅವುಗಳಿಗೆ ಅಸಲಿ ಎಬೋಲಾ ಕೊಟ್ಟು ನೋಡಿದಾಗ, ಅದೂ ಬಿಎಸ್‌ಎಲ್-4 ಲ್ಯಾಬ್ ಒಳಗೆ. ಆಮೇಲೆ 2015ರಲ್ಲಿ ಗಿನಿಯಲ್ಲಿ ಜನರ ಮೇಲೆ ಪ್ರಯೋಗ ನಡೆಯಿತು. ಹೊಸ ಮುಳ್ಳಿನ ಹುಸಿ ವೈರಸ್ ಬಂದಾಗಲೆಲ್ಲ ಅದರ ಅಂಕಿಯನ್ನು ಅಸಲಿಯ ಪಕ್ಕದಲ್ಲಿಟ್ಟು ಒಮ್ಮೆಯಾದರೂ ತಾಳೆ ನೋಡಬೇಕು. ಬಿಎಸ್‌ಎಲ್-2ರಲ್ಲೇ ಎಲ್ಲ ಆಗುತ್ತದೆ ಅಂತ ದೊಡ್ಡ ಲ್ಯಾಬ್‌ಗಳ ಹಣ ನಿಲ್ಲಿಸಿದರೆ, ಆ ತಾಳೆ ನೋಡುವವರು ಯಾರು?