ಮಟ್ಟಿ ಕುಸ್ತಿಗೆ ಒಲಿಂಪಿಕ್ಸ್ ಯಾಕೆ?

ಸ್ವಿಟ್ಜರ್ಲೆಂಡಿನ ಶ್ವಿಂಗನ್ ಕುಸ್ತಿಯ ವಿಡಿಯೊವನ್ನು ಊರಿಗೆ ಕಳಿಸಿದರೆ ಬರುವ ಮೊದಲ ಪ್ರಶ್ನೆ: ‘ಇದು ಒಲಿಂಪಿಕ್ಸ್‌ನಲ್ಲಿದೆಯಾ?’ ಇಲ್ಲ ಎಂದ ಕೂಡಲೇ ಮಾತು ಬೇರೆ ಕಡೆ ಹೊರಳುತ್ತದೆ. ಆ ಪ್ರಶ್ನೆ ಚುಚ್ಚುತ್ತದೆ. ನಮ್ಮ ಮಟ್ಟಿ ಕುಸ್ತಿಯನ್ನೂ ನಾವು ಅಳೆಯುವುದು ಹಾಗೆಯೇ. ದಸರಾ ಕುಸ್ತಿಯ ಮಾತು ಬಂದಾಗಲೆಲ್ಲ ‘ಇದೂ ಒಲಿಂಪಿಕ್ಸ್‌ಗೆ ಹೋಗಬೇಕು’ ಎನ್ನುವವರು ಇದ್ದೇ ಇರುತ್ತಾರೆ. ಸ್ವಿಸ್ಸರ ನಡುವೆ ಬದುಕುತ್ತಾ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇಷ್ಟೇ: ಹೋಗಬಾರದು.

ಇಲ್ಲಿನ ರಾಷ್ಟ್ರೀಯ ಶ್ವಿಂಗನ್ ಉತ್ಸವ ನಡೆಯುವುದು ಮೂರು ವರ್ಷಕ್ಕೊಮ್ಮೆ. 2019ರಲ್ಲಿ ಝುಗ್ ಪಟ್ಟಣದಲ್ಲಿ ಅದಕ್ಕೆಂದೇ ಕಟ್ಟಿದ ತಾತ್ಕಾಲಿಕ ಅಖಾಡದಲ್ಲಿ 56,500 ಜನ ಕೂರುವಷ್ಟು ಜಾಗವಿತ್ತು. ಕಣದಲ್ಲಿ ಮರದ ಹೊಟ್ಟಿನ ಏಳು ವೃತ್ತಗಳು. ಪೈಲ್ವಾನರು ಅಂಗಿ, ಪ್ಯಾಂಟಿನ ಮೇಲೆ ಸೆಣಬಿನಂಥ ದಪ್ಪ ಬಟ್ಟೆಯ ಚಡ್ಡಿ ಹಾಕಿ ಬೆಲ್ಟ್ ಬಿಗಿಯುತ್ತಾರೆ. ಬಲಗೈಯಿಂದ ಎದುರಾಳಿಯ ಬೆನ್ನ ಹಿಂದಿನ ಬೆಲ್ಟ್, ಎಡಗೈಯಿಂದ ತೊಡೆಯ ಬಳಿ ಸುತ್ತಿಟ್ಟ ಚಡ್ಡಿಯ ಅಂಚು ಹಿಡಿದ ಮೇಲೆಯೇ ಆಟ ಶುರು. ಕನಿಷ್ಠ ಒಂದು ಕೈಯ ಹಿಡಿತ ಉಳಿದಿರುವಾಗ ಬೆನ್ನು ಹೊಟ್ಟಿಗೆ ತಾಗಿಸಿದರೆ ಮಾತ್ರ ಗೆಲುವು. ತೂಕದ ವಿಭಾಗಗಳಿಲ್ಲ, ಬಹುಮಾನದ ಹಣವಿಲ್ಲ. ಚಾಂಪಿಯನ್ನನಿಗೆ ಸಿಗುವುದು ಒಂದು ಹೋರಿ. ಗೆದ್ದವನು ಸೋತವನ ಬೆನ್ನಿಗೆ ಅಂಟಿದ ಹೊಟ್ಟನ್ನು ತನ್ನ ಕೈಯಿಂದಲೇ ಒರೆಸುತ್ತಾನೆ. ನಮ್ಮವರು ಮಟ್ಟಿ ಮುಟ್ಟಿ ಹಣೆಗೊತ್ತಿಕೊಂಡು ಕಣಕ್ಕಿಳಿಯುವುದನ್ನು ನೋಡಿ ಬೆಳೆದವರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಈ ಆಟ ಒಲಿಂಪಿಕ್ಸ್‌ನ ಬಾಗಿಲು ದಾಟಿದರೆ ಮೊದಲು ಹೋಗುವುದು ಆ ಚಡ್ಡಿಯ ಹಿಡಿತ. ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಕುಸ್ತಿಯಲ್ಲಿ ಉಡುಪು ಹಿಡಿದರೆ ತಪ್ಪು. ನಮ್ಮ ಕುಸ್ತಿಗೂ ಅದೇ ಗತಿ, ಚಡ್ಡಿ ಹಿಡಿದು ಎತ್ತುವ ಪಟ್ಟುಗಳೆಲ್ಲ ಒಂದೇ ಏಟಿಗೆ ಮಾಯ. ಅದಕ್ಕಿಂತ ದೊಡ್ಡ ನಷ್ಟ ಮಟ್ಟಿಯದು. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ತೆಗೆದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಬೇಕು. ಸಾಮಿಗೆ ಮುಂಚೆ ದಿನವೂ ಗುದ್ದಲಿಯಿಂದ ಅಗೆದು ಮಗುಚಬೇಕು. ಒಂದೆರಡು ದಿನ ಬಿಟ್ಟರೆ ಗಟ್ಟಿಯಾಗಿ, ಬಿದ್ದ ಹುಡುಗನ ಭುಜ ಉಳುಕುತ್ತದೆ. ನೀರು ಹೆಚ್ಚಾದರೆ ಮೈಗೆ ಮೆತ್ತಿ ಹಿಡಿತ ಜಾರುತ್ತದೆ, ಕಡಿಮೆಯಾದರೆ ದೂಳು ಕಣ್ಣಿಗೆ. ಹದವಾದ ಮಟ್ಟಿಯಲ್ಲಿ ಪಾದ ಹೂತುಹೋಗುತ್ತದೆ, ಹಾಗಾಗಿ ಆಟ ನಿಧಾನ. ಹೊಟ್ಟೆ ಮೇಲೆ ಮಲಗಿ ಉಡದಂತೆ ನೆಲ ಕಚ್ಚಿದವನನ್ನು ಮಗುಚಲು ಮೇಲಿನವನು ಕುತ್ತಿಗೆ, ತೋಳು, ಸೊಂಟ ಎಂದು ಒಂದೊಂದಾಗಿ ಬಿಡಿಸುತ್ತಾ ಹೋಗುವುದೇ ನಾಡಕುಸ್ತಿಯ ಜೀವ. ಮ್ಯಾಟ್ ಮೇಲಾದರೆ ಸ್ವಲ್ಪ ಹೊತ್ತಿನಲ್ಲೇ ರೆಫರಿ ಇಬ್ಬರನ್ನೂ ಎಬ್ಬಿಸುತ್ತಾನೆ. ಮೂರು ನಿಮಿಷದ ಎರಡು ಸುತ್ತು, ಹತ್ತು ಅಂಕದ ಅಂತರ ಬಂದರೆ ಅಲ್ಲಿಗೇ ಮುಕ್ತಾಯ. ಚಿತ್ ಆಗುವವರೆಗೂ ಬಿಡದ ಕುಸ್ತಿಗೆ ಅಲ್ಲಿ ಜಾಗವಿಲ್ಲ. ಇನ್ನು ಮೈಸೂರಿನ ಮಟ್ಟಿಯ ಹದವನ್ನು ಪ್ಯಾರಿಸ್‌ನಲ್ಲೋ ಲಾಸ್ ಏಂಜಲೀಸ್‌ನಲ್ಲೋ ತರುವುದು ಹೇಗೆ?

ಒಳಗೆ ಹೋದವರ ಕತೆಯೂ ನಮ್ಮ ಮುಂದಿದೆ. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಕಟ್ಟಿದ ಜೂಡೊ 1964ರಲ್ಲಿ ಒಲಿಂಪಿಕ್ಸ್ ಸೇರಿತು. ಕೈಯಿಂದ ಕಾಲು ಹಿಡಿದು ಕೆಡವುವ ಪಟ್ಟುಗಳಿಗೆ 2010ರಲ್ಲಿ ಭಾಗಶಃ, 2013ರಲ್ಲಿ ಪೂರ್ತಿ ನಿಷೇಧ ಬಿತ್ತು. ಎರಡೂ ಕಾಲು ಹಿಡಿದು ಕೆಡವುವ ಮೊರೊಟೆ ಗಾರಿಯಂಥ ಹಳೆಯ ಪಟ್ಟು ಈಗ ಒಲಿಂಪಿಕ್ಸ್ ಕಣಕ್ಕೆ ಬೇಡವಾದ ವಿದ್ಯೆ. ಕರಾಟೆಯದು ಇನ್ನೂ ಕಷ್ಟದ ಕತೆ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಒಮ್ಮೆ ಸೇರಿತು, ಪ್ಯಾರಿಸ್‌ನಲ್ಲಿ ಇರಲಿಲ್ಲ. ಟೋಕಿಯೊದ 75 ಕೆ.ಜಿ. ಮೇಲಿನ ವಿಭಾಗದ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೆದಿ ಒದ್ದ ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಏಟು ಜೋರಾಯಿತೆಂದು ಹಮೆದಿ ಅನರ್ಹರಾದರು, ಚಿನ್ನ ಬಿದ್ದವರ ಪಾಲಾಯಿತು. ನಿಯಮದ ಪ್ರಕಾರ ಅದು ಸರಿ. ಆದರೆ ತನ್ನ ಹೊಡೆತವನ್ನು ತಾನೇ ಹಿಡಿದು ನಿಲ್ಲಿಸುವುದೇ ಕಲೆ ಎಂಬುದನ್ನು ಟಿವಿ ಮುಂದೆ ಮೊದಲ ಸಲ ಕೂತವನಿಗೆ ಅರ್ಥ ಮಾಡಿಸುವವರು ಯಾರು?

ಹಾಗಾದರೆ ಸ್ವಿಸ್ಸರಿಂದ ಕಲಿಯುವುದೇನು? ಬರೆದಿಡುವುದನ್ನು. 1895ರಿಂದ ಅವರಿಗೆ ರಾಷ್ಟ್ರೀಯ ಸಂಘವಿದೆ. ಒಂದೊಂದು ಕುಸ್ತಿಗೂ ಅಂಕವಿದೆ: ಸ್ವಚ್ಛವಾಗಿ ಬೆನ್ನಿಗೆ ಹಾಕಿದರೆ 10, ಸಾಧಾರಣ ಗೆಲುವಿಗೆ 9.75, ಸೋತವನಿಗೂ ಹೋರಾಟ ನೋಡಿ ಅಂಕ. ಪ್ರತಿ ಸುತ್ತಿನ ನಂತರ ಸಮಿತಿ ಆ ಅಂಕ ನೋಡಿಕೊಂಡು ಮುಂದಿನ ಜೋಡಿ ಕಟ್ಟುತ್ತದೆ. ಆ ಜೋಡಿಗಳ ಬಗ್ಗೆ ಇಲ್ಲೂ ಜಗಳ ತಪ್ಪಿದ್ದಲ್ಲ, ಆದರೆ ಪಟ್ಟಿ ಎಲ್ಲರ ಕೈಯಲ್ಲಿರುತ್ತದೆ. ನಮ್ಮಲ್ಲಿ ಜೋಡಿ ಕಟ್ಟುವುದು ಮೈಕಟ್ಟು, ತೂಕ, ಹೆಸರು ನೋಡಿ. ಯಾವ ವಸ್ತಾದರ ಶಿಷ್ಯ ಯಾರನ್ನು ಯಾವ ಪಟ್ಟಿನಲ್ಲಿ ಚಿತ್ ಮಾಡಿದ ಎಂಬುದು ಬಹುಪಾಲು ಹಿರಿಯರ ನೆನಪಿನಲ್ಲಿದೆ. ಅವರೊಂದಿಗೇ ಅದೂ ಹೋಗುತ್ತಿದೆ. ಗರಡಿಗಳ ದಾಖಲೆ ಇಡದೆ, ಮಟ್ಟಿ ಅಗೆಯುವ ಹುಡುಗರಿಗೆ ಹಾಲು ಬಾದಾಮಿಗೂ ಗತಿ ಮಾಡದೆ, ಹೊರಗಿನ ಮುದ್ರೆಗಾಗಿ ಕಾಯುತ್ತಾ ಕೂತಿದ್ದೇವೆ. ಅದೇ ನನ್ನ ಸಿಟ್ಟು.

ಒಪ್ಪಬೇಕಾದದ್ದೂ ಇದೆ. ಸ್ವಿಸ್ ಪೈಲ್ವಾನನಿಗೆ ಬಡಗಿಯದೋ ರೈತನದೋ ದುಡಿಮೆ ಇದೆ, ಅವನ ಹೊಟ್ಟೆಪಾಡು ಪದಕದ ಮೇಲೆ ನಿಂತಿಲ್ಲ. ನಮ್ಮ ಹುಡುಗನಿಗೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕ್ರೀಡಾ ಕೋಟಾದ ಕೆಲಸ ಬೇಕೆಂದರೆ ಮ್ಯಾಟ್ ಹತ್ತಲೇಬೇಕು. ಮಣ್ಣಿನಲ್ಲಿ ಬೆಳೆದ ಕೆ.ಡಿ. ಜಾಧವ್ 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದದ್ದು ಮ್ಯಾಟ್ ಮೇಲೆ. ಮನೆಯಿಲ್ಲದ ಕಲೆಗಿಂತ ಮನೆ ಬದಲಿಸಿದ ಕಲೆ ಮೇಲು ಎಂದು ಜೂಡೊದವರು ವಾದಿಸಿದರೆ ಪೂರ್ತಿ ತಳ್ಳಿಹಾಕಲಾರೆ.

ಹೆಣ್ಣುಮಕ್ಕಳ ವಿಷಯದಲ್ಲಂತೂ ನನ್ನ ವಾದ ಸಡಿಲವಾಗುತ್ತದೆ. ಒಲಿಂಪಿಕ್ಸ್ 2004ರಲ್ಲಿ ಮಹಿಳಾ ಕುಸ್ತಿ ತಂದಿತು, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರ ಶ್ವಿಂಗನ್‌ಗೆ ಇಂದಿಗೂ ಸಂಘವೇ ಬೇರೆ, ಹೋರಿ ಗೆಲ್ಲುವ ಆ ದೊಡ್ಡ ಕಣಕ್ಕೆ ಅವರಿಗೆ ಪ್ರವೇಶವಿಲ್ಲ. ನಮ್ಮ ಎಷ್ಟೋ ಗರಡಿಗಳ ಹೊಸ್ತಿಲಲ್ಲೂ ಅದೇ ಮಾತು. ಆ ಹೊಸ್ತಿಲನ್ನು ನಾವೇ ತೆಗೆಯಬೇಕು. ಗರಡಿಯ ಪಕ್ಕದಲ್ಲಿ 12 ಮೀಟರ್ ಚೌಕದ ಒಂದು ಮ್ಯಾಟ್ ಹಾಸಿದರೆ ಪದಕ ಬೇಕಾದವರು ಅಲ್ಲಿಗೆ ಹೋಗುತ್ತಾರೆ. ಮಟ್ಟಿಯ ಮೇಲೆ ಮಾತ್ರ ಅದನ್ನು ಹಾಸಬೇಡಿ.