ಟಿವಿ ಆಂಕರ್ ಆಗಬೇಕೇ? ಮೊದಲು ರೇಡಿಯೊದಲ್ಲಿ ಪಳಗಿ

ಸುದ್ದಿ ಓದುವ ಕೆಲಸಕ್ಕೆ ಬರುವ ಹೊಸಬರು ಮೊದಲು ಕೇಳುವುದು ಮೇಕಪ್, ಉಡುಪು, ಕ್ಯಾಮೆರಾ ಬಗ್ಗೆ. ನನ್ನನ್ನು ಕೇಳಿದರೆ, ಒಂದೆರಡು ವರ್ಷ ರೇಡಿಯೊದಲ್ಲಿ ಪಳಗಿ ಆಮೇಲೆ ಟಿವಿಗೆ ಹೋಗುವುದೇ ಸರಿಯಾದ ದಾರಿ. ಟಿವಿಯಲ್ಲಿ ಓದು ಸ್ವಲ್ಪ ಹದ ತಪ್ಪಿದರೂ ದೃಶ್ಯ, ಗ್ರಾಫಿಕ್ಸ್ ಕಾಪಾಡುತ್ತವೆ. ರೇಡಿಯೊದಲ್ಲಿ ದನಿ ಬಿಟ್ಟರೆ ಬೇರೆ ಆಸರೆಯಿಲ್ಲ. ಬಿಬಿಸಿ ಟಿವಿಯಲ್ಲೂ ಸುದ್ದಿ ಓದುವವರ ಮುಖ ಕಾಣತೊಡಗಿದ್ದು 1955ರಲ್ಲಿ, ಕೆನೆತ್ ಕೆಂಡಾಲ್ ಅವರಿಂದ. ಮುಖಭಾವ ಸುದ್ದಿಗೆ ಬಣ್ಣ ಹಚ್ಚೀತು ಎಂಬ ಅಳುಕಿನಿಂದ ಅಲ್ಲಿಯವರೆಗೆ ದನಿಯನ್ನಷ್ಟೇ ಕೇಳಿಸುತ್ತಿದ್ದರು.

ತಯಾರಿ ಕಾಗದದಿಂದಲೇ ಶುರು. ಸ್ಕ್ರಿಪ್ಟ್ ಸಿಕ್ಕ ಕೂಡಲೇ ಪೆನ್ಸಿಲ್ ಹಿಡಿದು ಉಸಿರೆಳೆಯುವ ಕಡೆ ಒಂದು ಗೆರೆ, ಸುದ್ದಿ ಬದಲಾಗುವ ಕಡೆ ಎರಡು ಗೆರೆ ಹಾಕಿ. ಕನ್ನಡದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಉದ್ದದ ವಾಕ್ಯವನ್ನು ಒಂದೇ ಉಸಿರಿಗೆ ಓದಿದರೆ ಕೊನೆಯ ಪದ ಗಂಟಲಲ್ಲೇ ಉಳಿಯುತ್ತದೆ. ಸಚಿವರು ಆರೋಪವನ್ನು ‘ಒಪ್ಪಿಕೊಂಡರು’ ಎಂದಿರೋ ‘ಅಲ್ಲಗಳೆದರು’ ಎಂದಿರೋ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಅಂಥ ವಾಕ್ಯವನ್ನು ಸ್ಟುಡಿಯೊಗೆ ಹೋಗುವ ಮುಂಚೆಯೇ ಎರಡಾಗಿ ಒಡೆಯಿರಿ, ಸುದ್ದಿ ಬರೆದು ತಿದ್ದುವ ಡೆಸ್ಕಿನವರಿಗೂ ತಿಳಿಸಿ. 2,37,418 ಎಂದಿದ್ದರೆ ‘ಸುಮಾರು ಎರಡು ಲಕ್ಷ ಮೂವತ್ತೇಳು ಸಾವಿರ’ ಸಾಕು. ಆದರೆ ಸಾವಿನ ಸಂಖ್ಯೆಯನ್ನು ಎಂದೂ ಹೀಗೆ ದುಂಡಗೆ ಮಾಡಬೇಡಿ.

ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಎದುರಿಗಿದ್ದರೆ ‘ಪ’, ‘ಬ’ ಅಕ್ಷರಗಳ ಗಾಳಿ ಬಡಿದು ಢಬ್ ಎನ್ನುತ್ತದೆ. ತೀರಾ ಹತ್ತಿರ ಹೋದರೆ ದನಿ ದಪ್ಪವಾಗಿ ಕೇಳುತ್ತದೆ. ಅದು ಗಾಂಭೀರ್ಯವೆಂದು ಹಲವರು ನಂಬಿದ್ದಾರೆ, ಆದರೆ ಅದರಲ್ಲಿ ವ್ಯಂಜನಗಳೆಲ್ಲ ಮುಳುಗಿಹೋಗುತ್ತವೆ. ಹಾಳೆ ತಿರುವಿದರೆ ಸದ್ದು ಬರುತ್ತದೆ, ಓದಿದ್ದನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಿ.

ಟಿವಿಯಲ್ಲಿ ಹೊಸದಾಗಿ ಸೇರುವುದು ಎರಡು. ಒಂದು ಟೆಲಿಪ್ರಾಂಪ್ಟರ್, ಅಂದರೆ ಕ್ಯಾಮೆರಾ ಮುಂದೆಯೇ ಸ್ಕ್ರಿಪ್ಟಿನ ಸಾಲುಗಳನ್ನು ಉರುಳಿಸುವ ಪರದೆ. ಅದರ ಆಪರೇಟರ್ ನಿಮ್ಮ ವೇಗಕ್ಕೆ ಬರಬೇಕು, ನೀವು ಅದರ ಹಿಂದೆ ಓಡಬಾರದು. ಓಡಿದಷ್ಟೂ ಅವರೂ ವೇಗ ಹೆಚ್ಚಿಸುತ್ತಾರೆ. ಅಕ್ಷರ ದೊಡ್ಡದು, ಸಾಲು ಚಿಕ್ಕದು ಇರಲಿ. ಸಾಲು ಉದ್ದವಾದರೆ ಕಣ್ಣು ಅತ್ತಿತ್ತ ಓಡುವುದು ನೋಡುಗರಿಗೆ ಕಾಣುತ್ತದೆ. ಕೈಯಲ್ಲಿ ಮುದ್ರಿತ ಸ್ಕ್ರಿಪ್ಟ್ ಇರಲೇಬೇಕು. ಪ್ರತಿ ಸುದ್ದಿಗೂ ಹಾಳೆ ಬದಲಿಸುತ್ತಿದ್ದರೆ ಮಾತ್ರ ಪ್ರಾಂಪ್ಟರ್ ಕೈಕೊಟ್ಟಾಗ ಓದುತ್ತಿದ್ದ ಜಾಗ ಸಿಗುತ್ತದೆ.

ಇನ್ನೊಂದು ಇಯರ್‌ಪೀಸ್. ನೀವು ಓದುತ್ತಿರುವಾಗಲೇ ಪ್ರೊಡ್ಯೂಸರ್ ಕಿವಿಯಲ್ಲಿ ‘ಮುಂದಿನ ಸುದ್ದಿ ಬಿಡಿ, ಲೈವ್‌ಗೆ ಹೋಗಿ, ಹತ್ತು, ಒಂಬತ್ತು...’ ಎನ್ನುತ್ತಿರುತ್ತಾರೆ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಒಂದು ಕಿವಿಗೆ ಯಾವುದಾದರೂ ಭಾಷಣ ಹಾಕಿಕೊಂಡು ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಕೊನೆಗೆ ಭಾಷಣದಲ್ಲಿ ಏನಿತ್ತು ಎಂದು ಬರೆಯಿರಿ.

ಅರಚುವ ಶೈಲಿಯ ಬಗ್ಗೆ ಹೇಳಲೇಬೇಕು. ಪ್ರಸಾರದ ಸರಪಳಿಯಲ್ಲಿ ಕಂಪ್ರೆಸರ್, ಲಿಮಿಟರ್ ಇರುತ್ತವೆ. ನೀವು ಕೂಗಿದಷ್ಟೂ ಅವು ತಗ್ಗಿಸುತ್ತವೆ. ಮನೆಯಲ್ಲಿ ಕೂತವರಿಗೆ ಸದ್ದು ಹೆಚ್ಚುವುದಿಲ್ಲ, ಕರ್ಕಶ ಹೆಚ್ಚುತ್ತದೆ. ದಿನವೂ ಹೀಗೆ ಕೂಗುವವರ ಧ್ವನಿತಂತುಗಳ ಮೇಲೆ ಗಂಟು ಬೆಳೆಯಬಹುದು. ಮೂರು ವಾರ ಕಳೆದರೂ ದನಿ ಒಡಕಾಗಿಯೇ ಇದ್ದರೆ ಲೋಜೆಂಜಸ್ ಚೀಪುತ್ತ ಕೂರದೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಓದುವಾಗ ತಪ್ಪಿದರೆ ‘ಕ್ಷಮಿಸಿ’ ಎಂದು ಸರಿಯಾದ ಪದ ಹೇಳಿ ಮುಂದುವರಿಯಿರಿ. ಹೆಸರೋ ಅಂಕಿಯೋ ತಪ್ಪಿದ್ದರೆ ಇಡೀ ವಾಕ್ಯವನ್ನೇ ಮತ್ತೆ ಓದಿ.