ಬ್ರೌಸರ್ ನಿಧಾನ ಆಗಿದ್ದು ಯಾವತ್ತಿನಿಂದ?

ಬೆಂಗಳೂರಲ್ಲಿ ಯಾರ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆವಳಿದರೂ ಸಿಗುವ ಸಲಹೆ ಒಂದೇ. ಕ್ಯಾಶ್ (ಬ್ರೌಸರ್ ಕೂಡಿಟ್ಟುಕೊಂಡ ಹಳೆ ಫೈಲುಗಳು) ಕ್ಲಿಯರ್ ಮಾಡು. ಅದಕ್ಕೂ ಬಗ್ಗದಿದ್ದರೆ ಎಸ್‌ಪಿ ರೋಡಿಗೆ ಹೋಗಿ ರ‍್ಯಾಮ್ ಹಾಕಿಸು. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವ ನಾವೂ ಹೀಗೇ ಹೇಳುತ್ತೇವಲ್ಲ, ಅದೇ ನನ್ನ ತಕರಾರು. ಆಫೀಸಿನಲ್ಲಿ ಒಂದು ಪೇಜ್ ನಿಧಾನ ಆದರೆ ಅಳೆದು ನೋಡುತ್ತೇವೆ. ಮನೆಯ ಬ್ರೌಸರ್ ವಿಷಯದಲ್ಲಿ ಬರೀ ಊಹೆ.

ಬಸವನಗುಡಿಯ ಗೆಳೆಯನೊಬ್ಬ ಇದೇ ರಾಗ ತೆಗೆದ. ಫೈರ್‌ಫಾಕ್ಸ್ ಅಪ್‌ಡೇಟ್ ಆದ ಮೇಲೆ ಸ್ಕ್ರೋಲ್ ಮಾಡಿದರೆ ತಡವರಿಸುತ್ತದಂತೆ. ತೀರ್ಪೂ ಅವನೇ ಕೊಟ್ಟಾಗಿತ್ತು. ಸರಿ, ಯಾವ ಬದಲಾವಣೆಯಿಂದ ಹಾಳಾಯ್ತು ಅಂತ ಹುಡುಕೋಣ ಬಾ ಅಂದೆ. ಅದಕ್ಕೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರದ್ದೇ ಮೊಜ್‌ರಿಗ್ರೆಷನ್ ಅನ್ನೋ ಟೂಲ್ ಇದೆ, ಪುಕ್ಕಟೆ. ಚೆನ್ನಾಗಿದ್ದ ಒಂದು ತಾರೀಖು, ಕೆಟ್ಟ ಒಂದು ತಾರೀಖು ಕೊಟ್ಟರೆ ನಡುವಿನ ಬಿಲ್ಡ್, ಅಂದರೆ ಆಗ ತಯಾರಾದ ಫೈರ್‌ಫಾಕ್ಸ್, ಇಳಿಸಿ ತೆರೆಯುತ್ತದೆ. ಗುಡ್ ಅಥವಾ ಬ್ಯಾಡ್ ಅಂತ ನಾವು ಹೇಳಬೇಕು, ಅಷ್ಟೇ. ಪ್ರತಿ ಸಲ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಸಾವಿರ ಬದಲಾವಣೆ ಇದ್ದರೂ ಸುಮಾರು 10 ಸುತ್ತಿಗೆ ಒಂದಕ್ಕೆ ಬಂದು ನಿಲ್ಲಬೇಕು. ಕೋಡ್‌ನಲ್ಲಿ ಹೀಗೇ ಅರ್ಧ ಅರ್ಧ ಮಾಡಿ ತಪ್ಪು ಹುಡುಕುವ ಗಿಟ್ ಬೈಸೆಕ್ಟ್ ಬಳಸಿದವರಿಗೆ ಇದು ಹೊಸದೇನಲ್ಲ.

ನಮ್ಮದು ನಿಲ್ಲಲೇ ಇಲ್ಲ. ಹಳೆಯದೂ ಗುಡ್, ಹೊಸದೂ ಗುಡ್. ಅವನು ಬೈದ ವರ್ಷನ್ ಕೂಡ ಬೆಣ್ಣೆ ಹಾಗೆ ಜಾರಿತು. ಸುಳಿವು ಅಲ್ಲೇ ಇತ್ತು. ಈ ಟೂಲ್ ಪ್ರತಿ ಬಿಲ್ಡನ್ನೂ ಹೊಸ ಪ್ರೊಫೈಲ್‌ನಲ್ಲಿ ತೆರೆಯುತ್ತದೆ. ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಇಲ್ಲ, ಹಳೆ ಸೆಟ್ಟಿಂಗ್ ಇಲ್ಲ. ಅಂದರೆ ಕಳ್ಳ ಇರೋದು ಇವನ ಪ್ರೊಫೈಲ್ ಒಳಗೇ.

ಆಮೇಲೆ ಅವನ ಬ್ರೌಸರ್‌ನಲ್ಲೇ, ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಅಳೆಯುವ ಫೈರ್‌ಫಾಕ್ಸ್ ಪ್ರೊಫೈಲರ್ ಆನ್ ಮಾಡಿ ಸ್ವಲ್ಪ ಹೊತ್ತು ಸ್ಕ್ರೋಲ್ ಮಾಡಿದೆವು. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಚಿತ್ರ 60 ಸಲ, ಬರಬೇಕಾದರೆ ಒಂದೊಂದಕ್ಕೆ ಸಿಗೋದು 16.7 ಮಿಲಿಸೆಕೆಂಡ್ ಮಾತ್ರ. ಆ ಹೊತ್ತನ್ನೆಲ್ಲ ತಿನ್ನುತ್ತಿದ್ದದ್ದು ಶಾಪಿಂಗ್ ಕೂಪನ್ ಹುಡುಕುವ ಒಂದು ಎಕ್ಸ್‌ಟೆನ್ಷನ್. ಪೇಜಿನಲ್ಲಿ ಏನು ಅಲುಗಿದರೂ ಎದ್ದು ಕೂರುತ್ತಿತ್ತು. ಪೇಜಿನ ಒಂದು ಭಾಗಕ್ಕೆ ಸ್ಟೈಲ್ (ಬಣ್ಣ, ಅಳತೆ ಇತ್ಯಾದಿ) ಹಾಕೋದು, ಪಕ್ಕದ್ದರ ಎತ್ತರ ಕೇಳೋದು, ಮತ್ತೆ ಸ್ಟೈಲ್ ಹಾಕೋದು, ಮತ್ತೆ ಎತ್ತರ ಕೇಳೋದು. ಸ್ಟೈಲ್ ಬದಲಾದ ಕೂಡಲೇ ಲೇಔಟಿನ, ಅಂದರೆ ಯಾವುದು ಎಲ್ಲಿ, ಎಷ್ಟು ಜಾಗ ಅನ್ನೋದರ, ಹಳೆ ಲೆಕ್ಕ ರದ್ದು. ಹಾಗಾಗಿ ಎತ್ತರ ಕೇಳಿದಾಗಲೆಲ್ಲ ಬ್ರೌಸರ್ ಹೊಸದಾಗಿ ಲೆಕ್ಕ ಹಾಕಲೇಬೇಕು. ಸುದ್ದಿ ಓದುವ ಪೇಜಿನಲ್ಲಿ ಕೂಪನ್‌ಗೆ ಏನು ಕೆಲಸ, ಆ ಮಾತು ಬೇರೆ. ಇನ್ನೊಂದು, ಎಕ್ಸ್‌ಟೆನ್ಷನ್‌ಗಳೂ ತಮ್ಮ ಪಾಡಿಗೆ ಸುಮ್ನೆ ಅಪ್‌ಡೇಟ್ ಆಗುತ್ತಿರುತ್ತವೆ. ಬ್ರೌಸರ್ ಅಪ್‌ಡೇಟ್ ಕಣ್ಣಿಗೆ ಬೀಳುತ್ತದೆ, ಬೈಗುಳವೂ ಅದಕ್ಕೇ ಬೀಳುತ್ತದೆ.

ಹಾಗಂತ ಎಲ್ಲ ಸಲವೂ ಇಷ್ಟು ಬೇಗ ಸಿಗಲ್ಲ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಓಡುವಾಗ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಡಿಫೆಂಡರ್ ಸಿಪಿಯು ನುಂಗುತ್ತದೆ ಅಂತ 2018ರಲ್ಲಿ ದೂರು ದಾಖಲಾಗಿತ್ತು. ಸರಿಹೋಗಿದ್ದು 2023ರಲ್ಲಿ! ಮೆಮೊರಿಯ ಅನುಮತಿ ಬದಲಿಸುವ ವರ್ಚುವಲ್‌ಪ್ರೊಟೆಕ್ಟ್ ಅನ್ನೋ ಕರೆಯನ್ನು ಫೈರ್‌ಫಾಕ್ಸ್ ತುಂಬಾ ಮಾಡುತ್ತಿತ್ತು. ಒಂದೊಂದು ಕರೆಗೂ ಡಿಫೆಂಡರ್ ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಹಚ್ಚಿಕೊಳ್ಳುತ್ತಿತ್ತು. ಮೊಜಿಲ್ಲಾದವರು ಅಳೆದು ತೋರಿಸಿದ ಮೇಲೆ ಮೈಕ್ರೋಸಾಫ್ಟ್ ತನ್ನ ಕಡೆ ರಿಪೇರಿ ಮಾಡಿತು. ಎರಡು ಕಂಪನಿಗಳ ನಡುವೆ ಬಿದ್ದ ಬಗ್ ಅದು. ‘ಸ್ಲೋ ಆಗಿದೆ ಸ್ವಾಮಿ’ ಅಂತ ಬರೀ ಗೋಳಾಡಿದ್ದರೆ ಇವತ್ತಿಗೂ ಹಾಗೇ ಇರುತ್ತಿತ್ತು, ಅಲ್ವಾ?

ಗೆಳೆಯ ಕೂಪನ್ ಆಸೆ ಬಿಟ್ಟು ಎಕ್ಸ್‌ಟೆನ್ಷನ್ ತೆಗೆದ. ಅದನ್ನು ಮಾಡಿದವರಿಗೆ ಪ್ರೊಫೈಲರ್ ಅಳೆದ ದಾಖಲೆಯ ಲಿಂಕ್ ಸಮೇತ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.